ಅತಿಥಿ ತಿರುವು ದಾಟುವವರೆಗೆ

ನಮ್ಮ ಮನೆಯ ಬಾಗಿಲಿಗೆ ಈಚೆಗೆ ಮಾತು ಬಂದಿದೆ.

ಮಗಳು ನಿವೇದಿತಾ ಹಾಕಿಸಿದ ಹೊಸ ಬೀಗದ ಮಹಿಮೆ ಇದು. ಅದಕ್ಕೆ ಬೀಗದ ಕೈ ಇಲ್ಲ. ಮನೆಯವರ ಬೆರಳಿನ ಗುರುತನ್ನೆಲ್ಲ ಮೊದಲೇ ಅದಕ್ಕೆ ತೋರಿಸಿಟ್ಟಿರಬೇಕು. ಆಮೇಲೆ ಬೆರಳಿಟ್ಟರೆ "ವೆಲ್‌ಕಮ್" ಎಂದು ತೆರೆದುಕೊಳ್ಳುತ್ತದೆ. ಇಷ್ಟರಲ್ಲೇ ನಿಂತಿದ್ದರೆ ನನ್ನ ತಕರಾರು ಇರಲಿಲ್ಲ. ಆದರೆ ಬಾಗಿಲನ್ನು ಮುಂದಕ್ಕೆ ಮಾಡಿದ ಮರುಕ್ಷಣ ಅದು ಯಾರ ಅಪ್ಪಣೆಗೂ ಕಾಯದೆ ಸರಕ್ಕನೆ ತಾನೇ ಹಾಕಿಕೊಂಡು, ಕಟ್ಟುನಿಟ್ಟಿನ ಹೆಡ್‌ಮಿಸ್ಸಿನ ದನಿಯಲ್ಲಿ, ಮಹಡಿಯ ಅಷ್ಟೂ ಮನೆಗಳಿಗೆ ಕೇಳುವಂತೆ, "ಡೋರ್ ಲಾಕ್ಡ್" ಎಂದು ಸಾರುತ್ತದೆ. ಕಳ್ಳರಿಗೆ ಇದು ಎಚ್ಚರಿಕೆಯಂತೆ. ಕಳ್ಳರು ಈವರೆಗೆ ಬಂದಿಲ್ಲ. ಬಂದು ಹೋಗುವವರೆಲ್ಲ ನೆಂಟರು. ಕಾಫಿ ಕುಡಿದು, ಹೋಗಿಬರ್ತೀವಿ ಎಂದು ಹೇಳಿ, ಚಪ್ಪಲಿ ಮೆಟ್ಟುತ್ತಿರುವ ಸಭ್ಯ ಜನರ ಬೆನ್ನ ಹಿಂದೆ ನನ್ನ ಬಾಗಿಲು ಹೀಗೆ ಕೂಗಿಕೊಂಡರೆ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗುತ್ತದೆ.

"ಅದರ ಬಾಯಿ ಮುಚ್ಚಿಸೋಕಾಗಲ್ವೇನೆ?" ಎಂದು ನಿವೇದಿತಾಳನ್ನು ಕೇಳಿದೆ. ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಉತ್ತರಿಸುವುದು ಅವಳು ಈ ತಮಿಳು ಊರಿನ ಶಾಲೆಗೆ ಸೇರಿದ ದಿನದಿಂದ ನಮ್ಮಲ್ಲಿ ನಡೆದುಬಂದ ಒಪ್ಪಂದ.

"ಅಪ್ಪಾ, ಅದು ಸೇಫ್ಟಿಕ್ಕಾಗ ಪಾ. ಡೋರುಕ್ಕು ಎನ್ನ ಮರಿಯಾದೆ?"

ಬಾಗಿಲಿಗೆ ಏನು ಮರ್ಯಾದೆ! ನನ್ನ ಅಪ್ಪ ಬದುಕಿದ್ದರೆ ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಅರ್ಧ ದಿನ ರಜೆ ಹಾಕುತ್ತಿದ್ದರು.

ಅಪ್ಪ ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಪಶ್ಚಿಮ ಮಾಂಬಲದ ಒಂದು ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಅವರ ಸಿದ್ಧಾಂತದ ಪ್ರಕಾರ ಅತಿಥಿಸತ್ಕಾರ ಇರುವುದು ಕಾಫಿಯಲ್ಲಲ್ಲ. ಕಾಫಿಯನ್ನು ಹೋಟೆಲಿನವನೂ ಕೊಡುತ್ತಾನೆ. ಬರುವವರನ್ನು ನಗುನಗುತ್ತ ಕರೆಯುವುದೂ ದೊಡ್ಡ ಸಂಗತಿಯಲ್ಲ. ಟಿ. ನಗರದ ಸೀರೆ ಅಂಗಡಿಗೆ ಹೋಗಿ ನೋಡಿ, ಒಳಗೆ ಬರುವಾಗ "ವಾಂಗೋಮ್ಮಾ, ವಾಂಗೋ" ಎಂದು ಕೈಮುಗಿಯುತ್ತಾರೆ. ಹೊರಡುವಾಗ ಅದೇ ಬಾಗಿಲಲ್ಲಿ ಒಬ್ಬ ನಿಂತು ನಿಮ್ಮ ಚೀಲ ಇಣುಕಿ, ಬಿಲ್ಲಿಗೆ ತೂತು ಹೊಡೆದು ಕೊಡುತ್ತಾನೆ. ಮನುಷ್ಯನ ಯೋಗ್ಯತೆ ತಿಳಿಯುವುದು ಅವನು ಹೊರಡುವವರನ್ನು ಹೇಗೆ ಹೊರಡಿಸುತ್ತಾನೆ ಎನ್ನುವುದರಲ್ಲಿ ಎಂದು ಅಪ್ಪ ನಂಬಿದ್ದರು, ಮತ್ತು ಆ ನಂಬಿಕೆಯನ್ನು ನಮ್ಮ ಮೇಲೆ ಪ್ರಯೋಗಿಸುತ್ತಿದ್ದರು.

ಅವರ ಶಾಸ್ತ್ರ ಹೀಗಿತ್ತು. ಅತಿಥಿ "ಹೊರಡ್ತೀನಿ" ಎಂದರೆ ಅದು ಬರೀ ಸೂಚನೆ, ಯಾರೂ ಏಳತಕ್ಕದ್ದಲ್ಲ. ಎದ್ದರೆ ಕಾಯುತ್ತಿದ್ದೆವು ಎಂದಾಗುತ್ತದೆ. ಅವರು ಮತ್ತೊಮ್ಮೆ ಹೇಳಿ ನಿಜವಾಗಿಯೂ ಎದ್ದು ನಿಂತಾಗ ಮನೆಯವರೆಲ್ಲ ಏಳಬೇಕು. ಆಮೇಲೆ ಹೊಸಿಲ ಮೇಲಿನ ಮಾತು. ಒಳಗೆ ಕೂತಿದ್ದಷ್ಟು ಹೊತ್ತೂ ಮಳೆ ಬೆಳೆ ಮಾತಾಡಿದವರು ಮುಖ್ಯ ವಿಷಯವನ್ನು ತೆಗೆಯುವುದು ಇಲ್ಲೇ. ಆದ್ದರಿಂದ ಹೊಸಿಲಲ್ಲಿ ಅವಸರ ಕೂಡದು. ಅನಂತರ ಗೇಟು. ಗೇಟಿನಲ್ಲಿ ನಿಂತ ಮೇಲೆ ಅತಿಥಿ ಓಣಿಯ ಕೊನೆಯ ಇಸ್ತ್ರಿ ಗಾಡಿಯ ಹತ್ತಿರ ತಿರುವು ತೆಗೆದುಕೊಳ್ಳುವವರೆಗೆ ಅಲುಗಾಡಬಾರದು. ಅತಿಥಿಗೂ ಕರ್ತವ್ಯವಿತ್ತು, ಅವರು ತಿರುವಿನಲ್ಲಿ ಒಮ್ಮೆ ನಿಂತು, ತಿರುಗಿ ನೋಡಿ, ಕೈ ಎತ್ತಬೇಕು. ನಾವು ಎತ್ತಬೇಕು. ಆಗ ಭೇಟಿ ಮುಗಿಯಿತು. ಮನೆಯ ಚಿಲಕವನ್ನಂತೂ ಅದಾದ ಮೇಲೂ ಒಂದಷ್ಟು ಹೊತ್ತು ಬಿಟ್ಟು, ಸದ್ದಾಗದಂತೆ ಹಾಕಬೇಕು. ಮಿಠಾಯಿ ಕದಿಯುವುದಕ್ಕೂ ನಾನು ಅಷ್ಟು ನಯವಾಗಿ ಕೈ ಆಡಿಸಿದ್ದಿಲ್ಲ.

ಹೀಗೆ ತಯಾರಾದವನನ್ನು ತಂದು ಲಿಫ್ಟಿರುವ ಕಟ್ಟಡದಲ್ಲಿ ಇಟ್ಟರೆ ಅವನ ಪಾಡೇನು, ನೀವೇ ಹೇಳಿ. ಈಚೆಗೆ ನನ್ನ ಸೋದರತ್ತೆಯ ಸೊಸೆ ಬಂದಿದ್ದಳು. ಊಟದಿಂದ ಕಾಫಿಯವರೆಗೆ ತೆಂಗಿನಕಾಯಿ ರೇಟು ಬಿಟ್ಟು ಬೇರೆ ಮಾತಿಲ್ಲ. ಲಿಫ್ಟಿನೊಳಗೆ ಕಾಲಿಟ್ಟವಳು ತಿರುಗಿ ನಿಂತು, "ಅಂದಹಾಗೆ ಹೇಳೋದೇ ಮರೆತೆ, ನಮ್ಮ ಪ್ರಭಾಕರ ಕೊನೆಗೂ ಆ ಹುಡುಗೀನ…" ಎಂದಳು. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ವಾಕ್ಯದ ಉಳಿದ ಭಾಗ ನಮ್ಮನ್ನು ಬಿಟ್ಟು ನೆಲಮಹಡಿಗೆ ಹೋಯಿತು. ಮೊಣಕಾಲು ನೋವೆಂದು ಹೂವು ಕೊಳ್ಳುವುದಕ್ಕೂ ಕೆಳಗಿಳಿಯದ ನನ್ನ ಹೆಂಡತಿ ವಸುಧಾ ಆ ಹೊತ್ತು ಮೆಟ್ಟಿಲಿಳಿದ ವೇಗವನ್ನು ಡಾಕ್ಟರು ನೋಡಿದ್ದರೆ ಮಾತ್ರೆ ನಿಲ್ಲಿಸುತ್ತಿದ್ದರು.

ಇರಲಿ. ನಾನು ಹೇಳಬೇಕೆಂದಿದ್ದು ನಾಣಿ ಚಿಕ್ಕಪ್ಪನ ವಿಷಯ.

ನಾಣಿ ಚಿಕ್ಕಪ್ಪ ಅಪ್ಪನ ಒಬ್ಬನೇ ತಮ್ಮ. ಪೆರಂಬೂರಿನಲ್ಲಿ ರೈಲ್ವೆ ಕೆಲಸ. ನಾನು ಚಿಕ್ಕವನಿದ್ದಾಗ ಭಾನುವಾರ ಬಂತೆಂದರೆ ಅವರು ನಮ್ಮ ಮನೆಯಲ್ಲಿ. ಒಂದು ಭಾನುವಾರ ಸಂಜೆ ಹಾಗೇ ಬಂದು, ಹೊರಟು, ಹೊಸಿಲ ಮಾತು ಮುಗಿಸಿ, ಗೇಟು ದಾಟಿ ಓಣಿಯಲ್ಲಿ ನಡೆಯುತ್ತಿದ್ದರು. ಅಪ್ಪ, ಅಮ್ಮ, ನಾನು ಗೇಟಿನಲ್ಲಿ ಪದ್ಧತಿಯಂತೆ ನಿಂತಿದ್ದೆವು. ಆಗಿನ ಕಾಲದಲ್ಲಿ ಹಾಲಿನವನು ಎಮ್ಮೆಯನ್ನೇ ಹೊಡೆದುಕೊಂಡು ಬಂದು ಮನೆಯೆದುರೇ ಕರೆದುಕೊಡುತ್ತಿದ್ದ. ಆ ಎಮ್ಮೆ ಸರಿಯಾಗಿ ಆ ಹೊತ್ತಿಗೆ ಬಂತು. ಬಂದದ್ದು ಹಾಲು ಕೊಡುವುದಕ್ಕೆ. ಆದರೆ ಅದರ ಕಣ್ಣು ಅಮ್ಮ ಕಾಂಪೌಂಡಿನೊಳಗೆ ಮಕ್ಕಳಂತೆ ಸಾಕಿದ್ದ ಕನಕಾಂಬರದ ಗಿಡಗಳ ಮೇಲೆ ಬಿತ್ತು. "ಅಯ್ಯೋ ಗಿಡ!" ಎಂದು ಅಮ್ಮ ಕೂಗಿದಳು. ಅಪ್ಪ ನಮ್ಮಿಬ್ಬರನ್ನೂ ಒಳಗೆಳೆದುಕೊಂಡು ಧಡಾರನೆ ಗೇಟು ಹಾಕಿದರು. ಅದೇ ಕ್ಷಣದಲ್ಲಿ ನಾಣಿ ಚಿಕ್ಕಪ್ಪ ಇಸ್ತ್ರಿ ಗಾಡಿಯ ಹತ್ತಿರ ತಿರುಗಿ ನೋಡಿದರು. ಅವರಿಗೆ ಕಂಡದ್ದು ಮುಚ್ಚಿದ ಗೇಟು ಮತ್ತು ಅದರ ಮುಂದೆ ಒಂದು ಎಮ್ಮೆ.

ಅವರು ಕೈ ಎತ್ತಲಿಲ್ಲ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ.

"ಹೋಗಿ ಹೇಳಿಬನ್ನಿ ಅಂದ್ರೆ, ಗೇಟು ಹಾಕಿದ್ದು ಎಮ್ಮೆಗೆ ಅಂತ" ಎಂದು ಅಮ್ಮ ಹೇಳಿದರೆ ಅಪ್ಪ, "ಅದನ್ನ ಬಾಯಿಬಿಟ್ಟು ಹೇಳಬೇಕೇನೆ? ಒಡಹುಟ್ಟಿದವನಿಗೆ ಅಷ್ಟೂ ನಂಬಿಕೆ ಬೇಡ್ವಾ? ಬರೋನು ಬರ್ತಾನೆ" ಎಂದರು. ಬರುವವರು ಬರಲಿಲ್ಲ. ಹಾಗೆಂದು ಮುನಿಸಿಕೊಂಡು ಮಾತು ಬಿಟ್ಟರೆಂದು ತಿಳಿಯಬೇಡಿ. ಮದುವೆ ಮುಂಜಿಗಳಲ್ಲಿ ಅಣ್ಣತಮ್ಮ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು, ಒಬ್ಬರ ಎಲೆಗೆ ಇನ್ನೊಬ್ಬರು ಹೋಳಿಗೆ ಹಾಕಿಸುತ್ತಿದ್ದರು. ನಮ್ಮ ಮನೆಯ ಮೆಟ್ಟಿಲು ಮಾತ್ರ ಚಿಕ್ಕಪ್ಪ ತುಳಿಯಲಿಲ್ಲ. ನಾವು ಮನೆ ಬದಲಾಯಿಸಿದೆವು; ಆ ನಿಷೇಧವೂ ಮಂಚ, ಬೀರುಗಳ ಜೊತೆ ಲಾರಿ ಹತ್ತಿ ಹೊಸ ಮನೆಗೆ ಬಂತು. ಅಪ್ಪ ತೀರಿಕೊಂಡಾಗಲೂ ಚಿಕ್ಕಪ್ಪ ಕಾಂಪೌಂಡಿನ ಹೊರಗೆ ಒಂದು ಕುರ್ಚಿ ಹಾಕಿಸಿಕೊಂಡು ಅಲ್ಲೇ ಕೂತಿದ್ದರು. ಅತ್ತದ್ದೂ ಅಲ್ಲೇ. ಅಪ್ಪನನ್ನು ಹೊತ್ತು ಹೊರಟಾಗ ಮೊದಲು ಹೆಗಲು ಕೊಟ್ಟವರೂ ಅವರೇ.

ಆಮೇಲೆ ಮನೆಯ ಯಜಮಾನಿಕೆ ನನಗೆ ಬಂತು, ಅದರ ಜೊತೆಗೆ ಈ ಸಮಸ್ಯೆಯೂ. ಅವರು ಹಿರಿಯರು. ಅವರನ್ನು ಕರೆಯುವುದೆಂದರೆ ಗಂಡಹೆಂಡತಿ ಇಬ್ಬರೂ ಹೋಗಿ, ಹಣ್ಣು ತಾಂಬೂಲ ಇಟ್ಟು, ನಮಸ್ಕಾರ ಮಾಡಿ ಕರೆಯಬೇಕು. ಹಾಗೆ ಕರೆದ ಮೇಲೆ ಅವರು ಒಲ್ಲೆನೆಂದರೆ? ಆ ಅವಮಾನವನ್ನು ಸರಿಪಡಿಸುವುದಕ್ಕೆ ಇನ್ನೊಂದು ತಲೆಮಾರು ಬೇಕು. ಅದಕ್ಕಿಂತ ಸುಮ್ಮನಿರುವುದು ಹೆಚ್ಚು ಗೌರವ ಎಂದು ನಾನು ತೀರ್ಮಾನಿಸಿ, ಗೌರವದಿಂದ ಸುಮ್ಮನೇ ಇದ್ದೆ. ಚಿಕ್ಕಪ್ಪನಿಗೆ ಎಂಬತ್ತು ದಾಟಿತು.

ಹೀಗಿರುವಾಗ ಒಂದು ದಿನ ಊಟದ ಹೊತ್ತಿನಲ್ಲಿ ನಿವೇದಿತಾ ಸಾರು ಕಲೆಸುತ್ತ, "ಸಂಡೇ ನಾಣಿ ತಾತಾ ಲಂಚುಕ್ಕು ವರಾರು" ಎಂದಳು. ನಾಣಿ ಚಿಕ್ಕಪ್ಪ ಊಟಕ್ಕೆ ಬರುತ್ತಾರಂತೆ.

ವಸುಧಾಳ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು.

"ಯಾರು ಕರೆದರು?" ಎಂದೆ.

"ನಾನ್‌ದಾನ್. ಫೋನ್ ಪಣ್ಣೇನ್."

"ಫೋನಲ್ಲಿ ಕರೆದೆಯಾ! ಏನಂತ ಕರೆದೆ?"

"'ತಾತಾ, ಸಂಡೇ ಫ್ರೀಯಾ? ಸಾಪ್ಪಿಡ ವಾಂಗೋ' ಅಂತ. ಅವ್ರು 'ಸೆರಿ' ಅಂದ್ರು." ವಿಷಯದ ಗಾಂಭೀರ್ಯ ಅವಳಿಗೂ ತಟ್ಟಿರಬೇಕು; ಕನ್ನಡ ಬಂದಿತ್ತು. "ಏಂಪಾ? ತಪ್ಪಾಯ್ತಾ?"

ಕೊರಿಯರ್ ತಂದವನನ್ನು ನೀರು ಕುಡಿಯೆಂದು ಕರೆಯುವುದಕ್ಕೂ ನಾನು ಇದಕ್ಕಿಂತ ಹೆಚ್ಚು ಪೀಠಿಕೆ ಹಾಕುತ್ತೇನೆ.

"ತಪ್ಪೂ ಇಲ್ಲ, ಗಿಪ್ಪೂ ಇಲ್ಲ" ಎಂದಳು ವಸುಧಾ. ಅವಳ ಕಣ್ಣು ತುಂಬಿತ್ತು. "ನಿಮ್ಮಪ್ಪನಿಗೆ ಹೇಳು, ಈ ಸಲನಾದ್ರೂ ಸರಿಯಾಗಿ ಕಳಿಸಿಕೊಡಲಿ ಅಂತ."

ಅವಳು ಹೇಳಿದ್ದು ನಿಜ. ಬರುವುದು ದೊಡ್ಡದಲ್ಲ, ಹೋಗುವುದು ದೊಡ್ಡದು. ಚಿಕ್ಕಪ್ಪನ ವಯಸ್ಸಿಗೆ ಇನ್ನೊಂದು ಸಲ ಗೇಟು ಮುಚ್ಚಿದರೆ ಅದನ್ನು ತೆರೆಯುವುದಕ್ಕೆ ಕಾಲಾವಕಾಶವಿಲ್ಲ. ಆದ್ದರಿಂದ ನಾನು ಬೀಳ್ಕೊಡುಗೆಯ ಸಿದ್ಧತೆಯನ್ನು ಕೈಗೆತ್ತಿಕೊಂಡೆ. ಬಾಯಿಬಡುಕ ಬಾಗಿಲಿಗೆ ಒಡ್ಡುವುದಕ್ಕೆ ಅಟ್ಟದಿಂದ ಹಳೆಯ ರುಬ್ಬುಗುಂಡನ್ನು ಇಳಿಸಿದೆ. ಲಿಫ್ಟಿನ ಗುಂಡಿ ಒತ್ತಿ ಹಿಡಿಯುವ ಹೊಣೆ ನಿವೇದಿತಾಳಿಗೆ. ಕೆಳಗಿಳಿದು ವಾಚ್‌ಮನ್ ಮುರುಗೇಶನಿಗೆ, ಭಾನುವಾರ ಮಧ್ಯಾಹ್ನ ನಾನು ಹೇಳುವವರೆಗೆ ಏನೇ ಬರಲಿ ಗೇಟು ಮುಚ್ಚಕೂಡದು ಎಂದೆ.

ಅವನು ಯೋಚಿಸಿ, "ಮಾಡು ವಂದಾ?" ಎಂದು ಕೇಳಿದ. ದನ ಬಂದರೆ?

ನಮ್ಮ ಮನೆತನದ ಇತಿಹಾಸ ಇವನಿಗೆ ಯಾರು ಹೇಳಿದರು ಎಂದು ನಾನು ಒಂದು ಗಳಿಗೆ ದಂಗಾದೆ. "ಬರಲಿ. ಒಳಗೆ ಕರೆದು ಕೂರಿಸು" ಎಂದೆ.

ಭಾನುವಾರ ಚಿಕ್ಕಪ್ಪ ಬಂದರು. ಬಿಳಿ ಪಂಚೆ, ಕೋಲು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ರೈಲಿನಲ್ಲೇ ಬಂದಿದ್ದರು, ರೈಲ್ವೆಯವರಿಗೆ ಉಳಿದ ವಾಹನಗಳ ಮೇಲೆ ವಿಶ್ವಾಸವಿಲ್ಲ. ಹೊಸಿಲ ಹತ್ತಿರ ಅವರೂ ನಿಂತರು, ನಾನೂ ನಿಂತೆ. ನಿವೇದಿತಾ ಹಿಂದಿನಿಂದ ಬಂದು, "ಎನ್ನ ತಾತಾ, ವೆಯಿಲ್ಲೆ ನಡಂದೇ ವಂದೀಂಗಳಾ? ಬಿಸಿಲಲ್ಲಿ ನಡ್ಕೊಂಡು!" ಎಂದು ಗದರಿಕೊಂಡು ಕೈಹಿಡಿದು ಒಳಗೆ ಎಳೆದುಕೊಂಡಳು. ಅಷ್ಟು ವರ್ಷಗಳ ಹೊಸಿಲು ಹಾಗೆ ದಾಟಿಹೋಯಿತು.

ಊಟ ಚೆನ್ನಾಗಿ ನಡೆಯಿತು. ವಸುಧಾ ಬಡಿಸುವಾಗ ಚಿಕ್ಕಪ್ಪ ಪ್ರತಿಯೊಂದಕ್ಕೂ ಬೇಡ ಬೇಡ ಎನ್ನುತ್ತಿದ್ದರು, ಅವಳು ಹಾಕುತ್ತಿದ್ದಳು, ಅವರು ತಿನ್ನುತ್ತಿದ್ದರು. ನಿವೇದಿತಾ ಮಾತ್ರ ಅವರು ಒಂದು ಸಲ ಬೇಡವೆಂದದ್ದನ್ನು ನಂಬಿ ಪಾಯಸದ ಪಾತ್ರೆಯನ್ನು ಅಡುಗೆಮನೆಗೆ ಒಯ್ದಳು. ಚಿಕ್ಕಪ್ಪನ ಕಣ್ಣು ಪಾತ್ರೆಯ ಹಿಂದೆಯೇ ಬಾಗಿಲವರೆಗೆ ಹೋಗಿಬಂತು. "ಪೊಣ್ಣು ಒಳ್ಳೇವ್ಳು ಕಣೋ ಶೀನು," ಎಂದರು ನನಗೆ, "ಆದ್ರೆ ಉಪಚಾರ ಕಲಿಸಿಲ್ಲ ನೀನು." ಪಾತ್ರೆ ಮರಳಿ ಬಂತು.

ಕೊನೆಗೆ ಅವರು "ಹೊರಡ್ತೀನಿ" ಎಂದರು. ಯಾರೂ ಏಳಲಿಲ್ಲ. ನಿವೇದಿತಾ ಏಳಹೊರಟಳು, ನಾನು ಕಣ್ಣುಬಿಟ್ಟೆ. ಅವರು ಮತ್ತೆ ಹೇಳಿ ಎದ್ದರು. ಎಲ್ಲರೂ ಎದ್ದೆವು. ರುಬ್ಬುಗುಂಡು ತನ್ನ ಜಾಗದಲ್ಲಿತ್ತು. ಬಾಗಿಲು ತೆರೆದೇ, ಮೂಕವಾಗಿ ನಿಂತಿತು. ಲಿಫ್ಟು ಕಾಯಿತು. ಸ್ಟೇಷನ್ನಿನವರೆಗೆ ಬರುತ್ತೇನೆಂದ ನಿವೇದಿತಾಳಿಗೆ ಚಿಕ್ಕಪ್ಪ, "ರೈಲ್ವೆಯವನನ್ನ ನೀನು ರೈಲು ಹತ್ತಿಸ್ತೀಯಾ? ನಿಲ್ಲಮ್ಮಾ ಇಲ್ಲೇ" ಎಂದರು. ಗೇಟು ವಿಶಾಲವಾಗಿ ತೆರೆದಿತ್ತು. ಮುರುಗೇಶ ಅದಕ್ಕೆ ಬೆನ್ನು ಕೊಟ್ಟು ಕಾವಲುದೇವತೆಯಂತೆ ನಿಂತಿದ್ದ.

"ಬರ್ತೀನೋ" ಎಂದು ಚಿಕ್ಕಪ್ಪ ನಡೆದರು. ಕೋಲಿನ ಹೆಜ್ಜೆ, ನಿಧಾನ. ನಮ್ಮ ಬೀದಿಯ ತಿರುವಿನಲ್ಲಿ ಒಂದು ಎಳನೀರಿನ ಗಾಡಿ ಇದೆ. ನಾನು, ವಸುಧಾ, ನಿವೇದಿತಾ ಗೇಟಿನಲ್ಲಿ ಸಾಲಾಗಿ, ಫೋಟೋಕ್ಕೆ ನಿಂತವರಂತೆ ನಿಂತು ನೋಡುತ್ತಿದ್ದೆವು. ಇನ್ನೇನು ಅವರು ಗಾಡಿಯ ಹತ್ತಿರ ತಲುಪಬೇಕು.

ಆಗ ನೀರಿನ ಲಾರಿ ಬಂತು.

ನಾವಿರುವ ವೇಲಚೇರಿಯಲ್ಲಿ ಮಳೆ ಬಂದರೆ ಮನೆಯೊಳಗೇ ನೀರು, ಬಾರದಿದ್ದರೆ ಲಾರಿಯಲ್ಲಿ ನೀರು. ನಮ್ಮ ಕಟ್ಟಡದ ಲಾರಿ ಬೆಳಗ್ಗೆಯೇ ಬರಬೇಕಾದ್ದು. ಎಲ್ಲ ಬಿಟ್ಟು ಆ ಕ್ಷಣವನ್ನು ಆರಿಸಿಕೊಂಡು, ಇನ್ನೊಂದು ದಿಕ್ಕಿನಿಂದ ಬಂದು, ಒಳಗೆ ತಿರುಗಿಸಲೆಂದು ಬೀದಿಗೆ ಅಡ್ಡಲಾಗಿ, ಗೋಡೆಯಿಂದ ಗೋಡೆಗೆ, ನಿಂತುಬಿಟ್ಟಿತು. ಚಿಕ್ಕಪ್ಪ ಕಾಣಲಿಲ್ಲ. ಬೀದಿ ಕಾಣಲಿಲ್ಲ. ಎಮ್ಮೆಯಾದರೂ ಇಷ್ಟು ಅಗಲವಿರಲಿಲ್ಲ.

"ರೀ!" ಎಂದಳು ವಸುಧಾ.

ನಾನು ಓಡಿದೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಓಡಿದ್ದು ಅದೇ ಮೊದಲು; ಬ್ಯಾಂಕಿನಲ್ಲಿದ್ದಾಗ ಓಡಿದ ನೆನಪೂ ಇಲ್ಲ. ಲಾರಿಗೂ ಗೋಡೆಗೂ ನಡುವೆ ಇದ್ದ ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು ತೂರಿದೆ. ಲಾರಿಯಿಂದ ಸೋರುವ ನೀರು ಪಂಚೆಯನ್ನು ಮೊಣಕಾಲವರೆಗೆ ನೆನೆಸಿತು. "ಎನ್ನಾ ಪೆರಿಸು, ವೀಟ್ಲೆ ಸೊಲ್ಲಿಟ್ಟು ವಂದಿಯಾ?" ಎಂದು ಡ್ರೈವರ್ ಬೈದ. ಮನೆಯಲ್ಲಿ ಹೇಳಿ ಬಂದೆಯಾ ಎಂದರೆ, ಈ ಊರಿನಲ್ಲಿ ಸಾಯಲು ಹೊರಟವನನ್ನು ಕೇಳುವ ಕುಶಲಪ್ರಶ್ನೆ. ನಾನು ಆಚೆ ಬದಿಗೆ ಹೊರಬಿದ್ದೆ.

ಚಿಕ್ಕಪ್ಪ ಎಳನೀರು ಗಾಡಿಯ ಕೊಡೆಯ ಕೆಳಗೆ ಕೋಲೂರಿ ನಿಂತಿದ್ದರು. ಮುಖ ನಮ್ಮ ಮನೆಯ ಕಡೆಗೇ ಇತ್ತು.

"ಚಿಕ್ಕಪ್ಪಾ, ಲಾರಿ… ನಾವು ಗೇಟಲ್ಲೇ ನಿಂತಿದ್ವಿ… ಗೇಟು ತೆಗೆದೇ ಇದೆ…" ನನಗೆ ಉಸಿರು ಸಿಕ್ಕಲಿಲ್ಲ.

"ಯಾಕೋ ಓಡಿಬಂದೆ? ಬೀಳ್ತೀಯ. ಲಾರಿ ಹೋಗ್ಲಿ ಅಂತ ನಿಂತಿದ್ದೀನಿ" ಎಂದರು. ಆಮೇಲೆ, ಲಾರಿಯನ್ನೇ ನೋಡುತ್ತ, "ಆವತ್ತೂ ಒಂದು ಗಳಿಗೆ ನಿಂತಿದ್ರೆ ಎಮ್ಮೆ ಹೋಗಿರೋದು" ಎಂದರು.

"ಎಮ್ಮೆ ವಿಷಯ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನೋ. ಆವತ್ತೇ ಕಣ್ಣಾರೆ ಕಂಡಿತ್ತು. ಸಾಲ್ದು ಅಂತ ನಿಮ್ಮಮ್ಮ ಒಂದು ಮದುವೇಲಿ ಎಲ್ಲಾನೂ ಹೇಳಿದ್ಲು. ಕೋಪ ಅಲ್ಲೇ ಹೋಯ್ತು."

"ಮತ್ತೆ ಯಾಕೆ ಬರಲಿಲ್ಲ?"

ಚಿಕ್ಕಪ್ಪ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. "ಕರೀಲಿಲ್ವಲ್ಲೋ ಯಾರೂ. ಮುನಿಸ್ಕೊಂಡು ಹೋದೋನು ಕರೀದೆ ಹ್ಯಾಗೋ ಬರೋದು? ಮರ್ಯಾದೆ ಬೇಡ್ವಾ?"

ತಾನಾಗಿ ಬಾರದವನನ್ನು ಕರೆಯಬಾರದೆಂದು ಅಪ್ಪ, ಕರೆಯದೆ ಬರಬಾರದೆಂದು ಇವರು. ಇಬ್ಬರೂ ಒಂದೇ ತಾಯಿಯ ಹತ್ತಿರ ಸಭ್ಯತೆ ಕಲಿತವರು. ಅವರಿಬ್ಬರ ನಡುವೆ ನಿಂತಿದ್ದದ್ದು ಎಮ್ಮೆಯಲ್ಲ.

ಅಷ್ಟರಲ್ಲಿ ನಿವೇದಿತಾ ಲಾರಿಯ ಇನ್ನೊಂದು ಮಗ್ಗುಲಿನಿಂದ ನುಸುಳಿ ಬಂದಿದ್ದಳು. ನಮ್ಮ ಮಾತು ಅವಳ ಕಿವಿಗೆ ಬಿದ್ದಿತ್ತು. "ಇಷ್ಟೇನಾ ಪ್ರಾಬ್ಲಮ್ಮು? ವಾಂಗೋ ತಾತಾ ಮೇಲೆ" ಎಂದು ಅವರ ತೋಳಿಗೆ ಕೈ ಹಾಕಿದಳು.

"ಏಯ್, ರೈಲಿಗೆ ಹೊತ್ತಾಯ್ತು ಕಣೇ…"

"ಅಡುತ್ತ ಟ್ರೇನ್ ಇರುಕ್ಕು, ತಾತಾ. ಇನ್ನೊಂದು ಬರತ್ತೆ. ನಿಮಗೆ ಗೊತ್ತಿಲ್ವಾ?"

ರೈಲ್ವೆಯವರು ಕೋಲೂರಿಕೊಂಡು ಅವಳ ಜೊತೆ ನಡೆದರು. ಮೇಲೆ ಕರೆದುಕೊಂಡು ಬಂದವಳು ರುಬ್ಬುಗುಂಡನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ತನ್ನ ಫೋನಿನಲ್ಲಿ ಏನನ್ನೋ ಒತ್ತಿ, ಚಿಕ್ಕಪ್ಪನ ಹೆಬ್ಬೆರಳನ್ನು ಹಿಡಿದು ಬೀಗದ ಮೇಲೆ ಇಟ್ಟಳು. ಬೀಗ ಒಲ್ಲೆನೆಂದಿತು. ಜೀವಮಾನವೆಲ್ಲ ಕಬ್ಬಿಣ ಹಿಡಿದ ಬೆರಳು, ಗೆರೆಗಳೆಲ್ಲ ಸವೆದುಹೋಗಿದ್ದವು. ತೋರುಬೆರಳೂ ಆಗಲಿಲ್ಲ. ಚಿಕ್ಕಪ್ಪನಿಗೆ ಇದು ಪರೀಕ್ಷೆಯಂತೆ ಕಂಡು ಹಣೆ ಬೆವರಿತು. "ಬೇಡ ಬಿಡಮ್ಮಾ, ಅದಕ್ಕೆ ನಾನು ಹಿಡಿಸಿಲ್ಲ" ಎಂದರು. "ಸುಮ್ನಿರಿ ತಾತಾ" ಎಂದು ಅವಳು ಕಿರುಬೆರಳನ್ನು ಇರಿಸಿದಳು. ಬೀಗ ಕುಂಯ್ ಎಂದು ಒಪ್ಪಿಕೊಂಡಿತು.

"ಇನ್ನು ಯಾರೂ ಕರೀಬೇಕಾಗಿಲ್ಲ" ಎಂದಳು. ಬಾಗಿಲಿಗೆ ಏನು ಮರ್ಯಾದೆ ಎಂದು ಕೇಳಿದವಳು ಇವಳೇ.

ಈಗ ಭಾನುವಾರ ಮಧ್ಯಾಹ್ನಗಳಲ್ಲಿ ನಾನು ಕುರ್ಚಿಯಲ್ಲಿ ತೂಕಡಿಸುತ್ತಿರುವಾಗ ಹೊರಗೆ ಕೋಲಿನ ಸದ್ದಾಗುತ್ತದೆ, ಆಮೇಲೆ "ವೆಲ್‌ಕಮ್". ಕಿರುಬೆರಳನ್ನು ಮುಂದೆ ಚಾಚಿಕೊಂಡೇ ಚಿಕ್ಕಪ್ಪ ಒಳಗೆ ಬರುತ್ತಾರೆ. ಹೊರಡುವಾಗ ಪದ್ಧತಿಯಂತೆ ಗೇಟಿನವರೆಗೂ ಹೋಗುತ್ತೇವೆ, ಎಳನೀರು ಗಾಡಿಯ ಹತ್ತಿರ ಅವರು ತಿರುಗುತ್ತಾರೆ, ಕೈ ಎತ್ತುತ್ತೇವೆ. ರುಬ್ಬುಗುಂಡನ್ನು ಮಾತ್ರ ನಾನು ಮರಳಿ ಅಟ್ಟಕ್ಕೆ ಸೇರಿಸಿದ್ದೇನೆ. ಅದಕ್ಕೆ ಕಾರಣವಿದೆ.

ಎರಡನೆಯ ಸಲವೋ ಮೂರನೆಯ ಸಲವೋ ಅವರು ಬಂದಿದ್ದಾಗ ನಾನು ಗುಂಡು ಒಡ್ಡುವುದನ್ನು ಮರೆತಿದ್ದೆ. ಎಲ್ಲರೂ ಹೊರಗೆ ಬಂದು ಲಿಫ್ಟಿಗೆ ಕಾಯುತ್ತಿದ್ದೆವು. ಹಿಂದೆ ಬಾಗಿಲು ತಾನೇ ಮುಚ್ಚಿಕೊಂಡು, ಚಿಕ್ಕಪ್ಪನ ಬೆನ್ನಿಗೇ, ಗಟ್ಟಿಯಾಗಿ, "ಡೋರ್ ಲಾಕ್ಡ್" ಎಂದಿತು. ನನ್ನ ಜೀವ ಹಾರಿತು.

ಚಿಕ್ಕಪ್ಪ ನಿಂತರು. ತಿರುಗಿದರು. ಮುಚ್ಚಿದ ಬಾಗಿಲನ್ನು ನೋಡಿ, ಕೋಲನ್ನು ಎಡಗೈಗೆ ಬದಲಾಯಿಸಿ, ಬಲಗೈ ಎತ್ತಿದರು.

"ಸೆರಿಮ್ಮಾ," ಎಂದರು, "ಹೋಗಿಬರ್ತೀನಿ."